ನಿಘಂಟಿನ ದುಡಿಮೆಯಲ್ಲೇ ಆರಾಧನೆ ಕಂಡ ಕಿಟ್ಟೆಲ್

ಹಳಗನ್ನಡದ ಪದವೊಂದರ ಅರ್ಥ ತೊಡಕಾದಾಗ ವಿದ್ವಾಂಸರು ಇಂದಿಗೂ ಮೊರೆಹೋಗುವುದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟಿಗೆ. ಅದನ್ನು ರಚಿಸಿದ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ ಅವರ ಹೆಸರನ್ನು ಬಲ್ಲವರು ಅನೇಕರು. ಆದರೆ ಆ ಅಪಾರ ದುಡಿಮೆಯ ಹಿಂದೆ ನಿಂತಿದ್ದ ವಿಶ್ವಾಸವನ್ನು ಅರಿತವರು ವಿರಳ.

ಕಿಟ್ಟೆಲ್ ಜನಿಸಿದ್ದು 1832ರ ಏಪ್ರಿಲ್ 7ರಂದು, ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಲೂಥರನ್ ಸಭೆಯ ಪಾದ್ರಿ. ಮನೆಯಲ್ಲಿ ಬಾಲಕನಿಗೆ ದೊರೆತ ಸಂಸ್ಕಾರವೂ ಅದೇ ಪರಂಪರೆಯದು. ಮನುಷ್ಯನಿಗೆ ರಕ್ಷಣೆ ಅವನ ಪುಣ್ಯಕಾರ್ಯಗಳಿಗೆ ಸಲ್ಲುವ ಕೂಲಿಯಲ್ಲ, ವಿಶ್ವಾಸದಿಂದ ಸ್ವೀಕರಿಸಬೇಕಾದ ದೇವರ ಕೃಪೆ ಎಂಬುದು ಮಾರ್ಟಿನ್ ಲೂಥರ್‌ನ ಬೋಧನೆಯ ತಿರುಳು. ಹಾಗಾದರೆ ನಿತ್ಯದ ದುಡಿಮೆ ಏತಕ್ಕೆ? ನೆರೆಯವನ ಹಿತಕ್ಕೆ ಎಂಬುದು ಲೂಥರ್‌ನ ಉತ್ತರ. ಚಮ್ಮಾರನ ಉಳಿ, ರೈತನ ನೇಗಿಲು, ತಾಯಿಯ ಲಾಲನೆ ಇವೆಲ್ಲವೂ ಅರ್ಚಕನ ಸೇವೆಗೆ ಸಮನಾದ ದೇವರ ಸೇವೆ ಎಂದು ಅವನು ಸಾರಿದನು. ದೇವರ ಮಾತು ಮನೆಮಂದಿಯ ನುಡಿಯಲ್ಲೇ ಇರಬೇಕೆಂದು 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದನು.

1850ರಲ್ಲಿ ಕಿಟ್ಟೆಲ್ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ತರಬೇತಿ ಶಾಲೆಯನ್ನು ಸೇರಿದರು. ಲೂಥರನ್ ಮತ್ತು ರಿಫಾರ್ಮ್ಡ್ ಪಂಥಗಳೆರಡಕ್ಕೂ ಸೇರಿದ ಭಕ್ತರು ಕೂಡಿ 1815ರಲ್ಲಿ ಕಟ್ಟಿದ ಸಂಸ್ಥೆ ಅದು. 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಅದು ಕಾಲಿಟ್ಟಿತ್ತು. 1853ರಲ್ಲಿ ಕಿಟ್ಟೆಲ್ ಕರ್ನಾಟಕಕ್ಕೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ.

ಧಾರವಾಡ, ಹುಬ್ಬಳ್ಳಿಗಳಲ್ಲಿ ಕಳೆದ ಮೊದಲ ವರ್ಷಗಳಲ್ಲಿ ಅವರು ಕನ್ನಡವನ್ನು ಜನರ ನಡುವೆ ನಿಂತೇ ಕಲಿತರು. ಬಂಗಲೆಯ ಬದುಕನ್ನು ಬಿಟ್ಟು ಭಾರತೀಯರೊಡನೆ ಭಾರತೀಯರಂತೆ ಬಾಳಬೇಕೆಂಬ ಹಂಬಲ ಅವರದು. ಮಿಷನ್ನಿನ ಹಿರಿಯರಿಗೆ ಈ ನಡವಳಿಕೆ ಒಪ್ಪಿಗೆಯಾಗಲಿಲ್ಲ. ತರುಣ ಪಾದ್ರಿ ತನ್ನವರ ನಡುವೆಯೇ ಒಂಟಿಯಾದರು. ಮುಂದೆ ಮಂಗಳೂರು, ಮಡಿಕೇರಿಗಳಲ್ಲಿ ಕೆಲಸ ಮಾಡಿದರು. 1864ರಲ್ಲಿ ಪತ್ನಿ ಪೌಲೀನೆ ಅವರನ್ನು ಕಳೆದುಕೊಂಡರು. ಮೂರು ವರ್ಷಗಳ ತರುವಾಯ ಅವರ ಸೋದರಿ ಜೂಲಿಯವರನ್ನು ವರಿಸಿದರು.

ಮತಾಂತರದ ಲೆಕ್ಕವನ್ನೇ ಅಳತೆಗೋಲಾಗಿ ಹಿಡಿದರೆ ಕಿಟ್ಟೆಲ್ ಯಶಸ್ವಿ ಪ್ರಚಾರಕರಲ್ಲ. ಅವರ ಒಲವು ಬೇರೆಡೆಗಿತ್ತು. 1862ರಲ್ಲಿ ಅವರು ಪ್ರಕಟಿಸಿದ ಕಥಾಮಾಲೆಯಲ್ಲಿ ಕ್ರಿಸ್ತನ ಚರಿತ್ರೆಯು ಕನ್ನಡ ಛಂದಸ್ಸಿನ ಹಾಡುಗಬ್ಬವಾಗಿ ಮೂಡಿತು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರವನ್ನೂ ಸಂಪಾದಿಸಿ ಬೆಳಕಿಗೆ ತಂದರು. ಯಜ್ಞದ ಕಲ್ಪನೆಗೆ ಕ್ರಿಸ್ತನ ಬಲಿದಾನದಲ್ಲೇ ಪೂರ್ಣತೆ ಎಂದು ವಾದಿಸುವ ಯಜ್ಞ ಸುಧಾನಿಧಿಯೂ ಅವರದೇ. ಹೀಗಾಗಿ ಅವರನ್ನು ಸರ್ವಮತ ಸಮನ್ವಯಿಯೆಂದು ಬಣ್ಣಿಸುವುದು ಸರಿಯಾಗದು. ತಮ್ಮ ವಿಶ್ವಾಸದಲ್ಲಿ ಅವರು ಅಚಲರಾಗಿದ್ದರು. ಆದರೆ ಅನ್ಯರ ಗ್ರಂಥಗಳನ್ನು ಓದುವಾಗ ಅವರ ಶ್ರದ್ಧೆಗೆ ಕೊರತೆಯಿರಲಿಲ್ಲ.

ಈ ಶ್ರದ್ಧೆಯ ಮಹಾಫಲವೇ ನಿಘಂಟು. ಎರಡು ದಶಕಗಳಿಗೂ ಮೀರಿದ ದುಡಿಮೆಯಲ್ಲಿ, ಕನ್ನಡ ಪಂಡಿತರ ನೆರವಿನೊಡನೆ, ಸುಮಾರು 70,000 ಪದಗಳು ಅದರಲ್ಲಿ ನೆಲೆಗೊಂಡವು. ಬಸವಪುರಾಣ, ದಾಸರ ಪದಗಳ ಪ್ರಯೋಗಗಳ ಮಗ್ಗುಲಲ್ಲೇ ಹಳ್ಳಿಗರ ಗಾದೆಗಳಿಗೂ ಸ್ಥಾನ ದೊರೆಯಿತು. ಕೂರಿಗೆ, ಕುಂಟೆ, ಮಗ್ಗಗಳಿಗೂ ಕಾವ್ಯದ ಪದಗಳಷ್ಟೇ ಗೌರವ ಸಂದಿತು.

ಇದರಲ್ಲಿ ಹಾವೇರಿ ಸೀಮೆಯ ಪಾಲೂ ಇದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು. ಬ್ರಿಟಿಷರು ಈ ಭಾಗವನ್ನು ದಕ್ಷಿಣ ಮರಾಠಾ ಸೀಮೆ ಎನ್ನುತ್ತಿದ್ದರು. ಮೈಸೂರಿನ ಬಳಕೆಯನ್ನು ಒಂದು ಸಂಕೇತದಿಂದಲೂ ಈ ಸೀಮೆಯ ಬಳಕೆಯನ್ನು ಇನ್ನೊಂದರಿಂದಲೂ ಕಿಟ್ಟೆಲ್ ಗುರುತಿಸಿದರು. ರಾಜಧಾನಿಯ ಕನ್ನಡವೇ ಶುದ್ಧ, ಮಿಕ್ಕದ್ದು ಅಪಭ್ರಂಶ ಎಂದು ತಳ್ಳಿಹಾಕದೆ ಬಡಗಣ ನಾಡಿನ ರೈತ, ನೇಕಾರರ ಮಾತನ್ನೂ ದಾಖಲಿಸಿದ್ದು ಸಣ್ಣ ಸಂಗತಿಯೇನಲ್ಲ.

ಈ ನೆಲಕ್ಕೆ ದುಡಿಮೆ ಮತ್ತು ಭಕ್ತಿಯ ನಂಟು ಹೊಸದಾಗಿರಲಿಲ್ಲ. ದೋಣಿ ನಡೆಸುತ್ತಲೇ ಶಿವನನ್ನು ಕಂಡ ಅಂಬಿಗರ ಚೌಡಯ್ಯನ ಚೌಡಯ್ಯದಾನಪುರ ಇರುವುದು ರಾಣೆಬೆನ್ನೂರು ತಾಲ್ಲೂಕಿನಲ್ಲಿ. ಕುಲದ ಹಿರಿಮೆಯನ್ನು ಪ್ರಶ್ನಿಸಿದ ಕನಕದಾಸರ ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನಲ್ಲಿ. ಶರಣರ ಕಾಯಕವೂ ಲೂಥರ್ ಹೇಳಿದ ಕರೆಯೂ ಒಂದೇ ಅಲ್ಲ. ಕಾಯಕವೇ ಕೈಲಾಸವೆಂಬ ನಂಬಿಕೆ ಇಲ್ಲಿಯದು. ರಕ್ಷಣೆ ಮೊದಲೇ ದೊರೆತಿದೆ, ದುಡಿಮೆ ಅದಕ್ಕೆ ಸಲ್ಲಿಸುವ ಕೃತಜ್ಞತೆ ಎಂಬುದು ಅಲ್ಲಿಯದು. ಆದರೂ ಗುಡಿಯ ಹೊರಗೆ, ಬೆವರಿನ ನಡುವೆ ದೇವರಿಗೆ ಎಡೆಯಿದೆ ಎಂಬಲ್ಲಿ ಎರಡೂ ಸಮೀಪಿಸುತ್ತವೆ.

ನಿಘಂಟಿಗಾಗಿ ಕಿಟ್ಟೆಲ್ ತೆತ್ತ ಬೆಲೆ ಕಡಿಮೆಯದಲ್ಲ. ಕಣ್ಣಿನ ಶಕ್ತಿ ಕುಂದಿತು. 1877ರಲ್ಲಿ ಜರ್ಮನಿಗೆ ಮರಳಿದವರು ಕೆಲಸ ಪೂರೈಸಲೆಂದೇ 1883ರಲ್ಲಿ ಮತ್ತೆ ಬಂದರು. 1892ರಲ್ಲಿ ಕೊನೆಯದಾಗಿ ಕನ್ನಡ ನಾಡನ್ನು ತೊರೆದ ಮೇಲೂ ದೂರದ ಟ್ಯೂಬಿಂಗೆನ್‌ನಲ್ಲಿ ಕುಳಿತು ಕರಡು ತಿದ್ದಿದರು. 1896ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಅವರ ಕನ್ನಡ ವ್ಯಾಕರಣ 1903ರಲ್ಲಿ ಹೊರಬಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ನಿಧನರಾದರು.

ಧಾರವಾಡದ ಕಿಟೆಲ್ ಕಾಲೇಜು ಅವರ ಹೆಸರನ್ನು ಉಳಿಸಿದೆ. ಅದಕ್ಕೂ ಮಿಗಿಲಾದ ಸ್ಮಾರಕ ಅವರ ನಿಘಂಟು. ದುಡಿಮೆಯಿಂದ ಸ್ವರ್ಗ ಸಂಪಾದನೆಯಾಗದು ಎಂದು ನಂಬಿದ್ದ ಮನುಷ್ಯ, ಪ್ರತಿಫಲದ ಚಿಂತೆಯಿಲ್ಲದೆ ಒಂದೊಂದೇ ಪದವನ್ನು ಆಯ್ದು, ತೂಗಿ, ನೆರೆಯವರ ಕೈಗಿತ್ತರು. ಅವರ ಮತವನ್ನು ಒಪ್ಪದ ಲಕ್ಷಾಂತರ ಕನ್ನಡಿಗರೂ ಆ ಸೇವೆಯ ಫಲಾನುಭವಿಗಳು.