ಕಲ್ಲನ್ನು ಓದಿದ ಸಾಹೇಬರು

೨೦೨೧ರ ಮಾರ್ಚಿನಲ್ಲಿ ಐಸ್‌ಲ್ಯಾಂಡ್ ದ್ವೀಪದಲ್ಲಿ ಜ್ವಾಲಾಮುಖಿಯೊಂದು ಬಾಯ್ದೆರೆಯಿತು. ಹೊಸ ಲಾವಾರಸವನ್ನು ಕಣ್ಣಾರೆ ಕಾಣಲು ಸಾವಿರಾರು ಜನ ಗುಡ್ಡ ಹತ್ತಿ ನಡೆದರು. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ನಮಗೆ ಅಂಥ ನೋಟ ದೂರದ್ದೇ ಸರಿ. ಆದರೆ ಆರಿದ ಲಾವಾ ದೂರವಿಲ್ಲ. ಬಸ್ಸಿನಲ್ಲಿ ಬೆಳಗಾವಿಗೆ ಹೋದರೆ ಅದರ ಅಂಚು ಸಿಗುತ್ತದೆ. ಆ ಸೀಮೆಯ ಶಿಲೆಗಳನ್ನೆಲ್ಲ ಅಲೆದು ಪರೀಕ್ಷಿಸಿ ವರದಿ ಬರೆದವರು ರಾಬರ್ಟ್ ಬ್ರೂಸ್ ಫೂಟ್.

ಇವರು ಹುಟ್ಟಿದ್ದು ೧೮೩೪ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ. ೧೮೫೮ರಲ್ಲಿ ಭಾರತದ ಭೂಗರ್ಭ ಸರ್ವೇಕ್ಷಣ ಇಲಾಖೆಯನ್ನು ಸೇರಿ ಮದರಾಸಿಗೆ ಬಂದರು. ೧೮೬೩ರ ಮೇ ೩೦ರಂದು ಅಲ್ಲಿಯ ಪಲ್ಲಾವರಂನಲ್ಲಿ ಮನುಷ್ಯನ ಕೈ ಕೆತ್ತಿದ ಕಲ್ಲೊಂದು ಅವರ ಕಣ್ಣಿಗೆ ಬಿತ್ತು. ಹಳೆಯ ಶಿಲಾಯುಗದ ಜನರು ಭಾರತದಲ್ಲಿಯೂ ಇದ್ದರೆಂಬುದಕ್ಕೆ ಅದು ಸಾಕ್ಷಿಯಾಯಿತು.

ಆ ಮೇಲೆ ಅವರು ನಮ್ಮ ನೆರೆಗೆ ಬಂದರು. ಬೆಳಗಾವಿ ಧಾರವಾಡಗಳ ಕಡೆಯ ಶಿಲೆಗಳನ್ನು ಕುರಿತ ಅವರ ವರದಿ ೧೮೭೬ರಲ್ಲಿ ಅಚ್ಚಾಯಿತು. ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ನೆಲ ಬಿರಿದು, ಪದರದ ಮೇಲೆ ಪದರವಾಗಿ ಹರಿದ ಲಾವಾ ಇಂದಿಗೂ ದಖ್ಖನದಲ್ಲಿ ೫ ಲಕ್ಷ ಚದರ ಕಿಲೋಮೀಟರಿನಷ್ಟು ಹರಡಿದೆ. ಅದರ ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದರಿಂದ ಸ್ವೀಡನ್ನಿನ ಮೆಟ್ಟಿಲಿನ ಪದವೇ ಅದಕ್ಕೆ ‘ಟ್ರ್ಯಾಪ್’ ಎಂಬ ಹೆಸರಾಯಿತು. ಫೂಟ್ ಸಾಹೇಬರಿಗೆ ಈ ವರ್ಷಗಳ ಲೆಕ್ಕ ದೊರೆಯುವಂತಿರಲಿಲ್ಲ. ಕಲ್ಲಿನ ವಯಸ್ಸನ್ನು ಅಳೆಯುವ ವಿಧಾನವೇ ಆಗ ಹುಟ್ಟಿರಲಿಲ್ಲ. ಹಳ್ಳದ ದಂಡೆಯಲ್ಲಿ ನಿಂತು, ಯಾವ ಕಲ್ಲಿನ ಮೇಲೆ ಯಾವ ಕಲ್ಲು ಕುಳಿತಿದೆಯೆಂದು ನೋಡಿಯೇ ಹಿರಿದು ಕಿರಿದನ್ನು ನಿರ್ಣಯಿಸಬೇಕಾಗಿತ್ತು. ಗೋಕಾಕದ ಸೀಮೆಯಲ್ಲಿ ಅವರಿಗೆ ಘೇಂಡಾಮೃಗದ ಶಿಲೀಭೂತ ಎಲುಬುಗಳೂ ದೊರೆತವು! ಡೇರೆ ಹೊತ್ತವರನ್ನು, ದಾರಿ ತೋರಿದವರನ್ನು ಮಾತ್ರ ಇಂದು ನೆನೆಯುವವರಿಲ್ಲ.

ಟ್ರ್ಯಾಪಿಗಿಂತ ಬಹು ಹಳೆಯದಾದ ಇನ್ನೊಂದು ಶಿಲಾವರ್ಗವನ್ನು ಬೇರೆಯಾಗಿ ಗುರುತಿಸಿ, ಅದಕ್ಕೆ ಧಾರವಾಡದ ಹೆಸರಿಟ್ಟವರೂ ಇವರೇ. ಅದರಲ್ಲಿಯೂ ಲಾವಾ ಉಂಟು. ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯಲ್ಲಿ ಸುಮಾರು ೨೫೦ ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಹೆಪ್ಪುಗಟ್ಟಿದ ಲಾವಾ, ದಿಂಬುಗಳನ್ನು ಒಟ್ಟಿದಂತೆ ಈಗಲೂ ಬಿದ್ದುಕೊಂಡಿದೆ.

ಬಳ್ಳಾರಿಯ ಕಡೆಗೆ ಬೂದಿಯ ದಿಬ್ಬಗಳಿವೆ. ಅಲ್ಲಿಯ ಕಿಟ್ಟವನ್ನು ನೋಡಿದರೆ ಜ್ವಾಲಾಮುಖಿಯದೇ ಎನಿಸಬೇಕು. ಜನರು ಅದನ್ನು ರಾಕ್ಷಸನ ಚಿತೆಯ ಬೂದಿಯೆಂದು ಹೇಳುತ್ತಿದ್ದರು. ಅದು ಸುಟ್ಟ ಸೆಗಣಿ, ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದದ್ದು ಎಂದು ಫೂಟ್ ತಿಳಿದರು. ಆಲ್ಚಿನ್ ಎಂಬ ವಿದ್ವಾಂಸರ ಉತ್ಖನನ ಮುಂದೆ ಅದನ್ನೇ ಸಮರ್ಥಿಸಿತು. ಅವರ ಕೆಲಸಗಳಲ್ಲೆಲ್ಲ ನನಗೆ ಇದೇ ಹೆಚ್ಚಿನದಾಗಿ ತೋರುತ್ತದೆ. ನಮ್ಮ ಮನೆತನದಲ್ಲಿ ಓದುಬರಹ ನನ್ನಿಂದಲೇ ಮೊದಲು. ಅಜ್ಜ ಮುತ್ತಜ್ಜರು ದನ ಕಾಯ್ದರು, ಹೊಲ ಉತ್ತರು, ಒಂದು ಅಕ್ಷರವನ್ನೂ ಬರೆದಿಡಲಿಲ್ಲ. ನಾವು ಪರೀಕ್ಷೆಗೆ ಓದುವ ಚರಿತ್ರೆಯೋ ಶಾಸನ ಕೆತ್ತಿಸಿದವರದು. ದನಗಾಹಿಯ ಸೆಗಣಿಯ ಬೂದಿಯೂ ದಾಖಲೆಯಾದೀತೆಂದು ಕಂಡ ಮನುಷ್ಯ ನನಗೆ ಪರಕೀಯನೆನಿಸುವುದಿಲ್ಲ.

೧೮೯೧ರಲ್ಲಿ ನಿವೃತ್ತರಾದ ಮೇಲೂ ಅವರು ಸುಮ್ಮನೆ ಕೂಡಲಿಲ್ಲ. ಬರೋಡಾ ಸಂಸ್ಥಾನದಲ್ಲಿಯೂ, ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯಲ್ಲಿಯೂ ದುಡಿದರು. ಕಡೆಗಾಲದ ವಾಸ ಸೇಲಂ ಹತ್ತಿರದ ಯೆರ್ಕಾಡು ಬೆಟ್ಟದಲ್ಲಿ. ಆಯುಷ್ಯವಿಡೀ ಕೂಡಿಸಿದ ಕಲ್ಲಿನ ಆಯುಧಗಳು, ಮಡಕೆಯ ಚೂರುಗಳು ೧೯೦೪ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿದವು. ಅವುಗಳ ವಿವರಪಟ್ಟಿಯನ್ನು ಅವರೇ ಸಿದ್ಧಪಡಿಸಿದ್ದರು. ೧೯೧೨ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಪಟ್ಟಿ ಅಚ್ಚಾಗಿ ಹೊರಬಂದದ್ದು ಅದರ ನಂತರ.