ಕಲ್ಕುಟಿಗ ಬೀರು ಕಲ್ಕುಡನು

ಕಾರ್ಕಳದ ಬಂಡೆಗುಡ್ಡದ ಮೇಲೆ ವೀರಪಾಂಡ್ಯ ಅರಸನು 1432ರಲ್ಲಿ ನಿಲ್ಲಿಸಿದ ಗೊಮ್ಮಟನನ್ನು ನಾವೆಲ್ಲರೂ ಬಲ್ಲೆವು. ಅದನ್ನು ಕಡೆದವನು ಬೀರು ಕಲ್ಕುಡನೆಂದು ತುಳು ಪಾಡ್ದನವು ಹೇಳುತ್ತದೆ. ಅಂಥ ಕೆಲಸವನ್ನು ಅವನು ಬೇರೆಲ್ಲಿಯೂ ಮಾಡಬಾರದೆಂದು ಅರಸನು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನಂತೆ. ಕಲ್ಕುಡನು ಕಸುಬನ್ನು ಬಿಡಲಿಲ್ಲ. ವೇಣೂರಿಗೆ ಹೋದನು, ಅಲ್ಲಿಯ ಅಜಿಲ ಅರಸನು ಕೆಲಸ ಕೊಟ್ಟನು, ಉಳಿದ ಒಂದೇ ಕೈಯಿಂದ ಇನ್ನೊಬ್ಬ ಗೊಮ್ಮಟನನ್ನು ಕಡೆದನು.

ವೇಣೂರಿನ ಮೂರ್ತಿಯು ನಿಂತದ್ದು 1604ರಲ್ಲಿ. ನಡುವೆ 172 ವರುಷಗಳಿರುವದರಿಂದ ಎರಡನ್ನೂ ಒಬ್ಬನೇ ಕಡೆದಿರಲಾರನು. ಆದರೂ ನಮ್ಮ ಹಿರಿಯರು ಈ ಕಥೆಯನ್ನು ಕಾಪಾಡಿಕೊಂಡು ಬಂದದ್ದು ಬರಿದೇ ಅಲ್ಲ. ನಮ್ಮ ಊರಲ್ಲಿ ಕೈಕಾಲು ಕಳಕೊಂಡವನು ಇದ್ದರೆ ಅವನನ್ನು ಜಗಲಿಯಲ್ಲಿ ಕುಳ್ಳಿರಿಸಿ ಮರುಗುವದು ಸುಲಭ. ಅಜಿಲನಂತೆ ಅವನಿಗೆ ಕೆಲಸವನ್ನು ಕೊಡುವವರು ನಾವಾಗೋಣ.