ಗದ್ದಲದ ನಡುವೆ ಮಾತನ್ನು ಹೆಕ್ಕಿದ ಗಣಿತಜ್ಞ ನಾರ್ಬರ್ಟ್ ವೀನರ್

ಸಂದರ್ಶನವನ್ನು ಧ್ವನಿಮುದ್ರಿಸಿ ತಂದು ಕೇಳಿದಾಗ ಮಾತಿಗಿಂತ ಫ್ಯಾನಿನ ಸದ್ದೇ ಮುಂದಾಗಿರುವುದುಂಟು. ಇಂದಿನ ತಂತ್ರಾಂಶಗಳು ಆ ಸದ್ದನ್ನು ಕ್ಷಣಮಾತ್ರದಲ್ಲಿ ತಗ್ಗಿಸುತ್ತವೆ. ಆದರೆ ಇದಕ್ಕೆ ತಳಹದಿಯಾದ ಗಣಿತ ಹುಟ್ಟಿದ್ದು ಧ್ವನಿಮುದ್ರಣ ಕೊಠಡಿಯಲ್ಲಲ್ಲ. ದ್ವಿತೀಯ ಮಹಾಯುದ್ಧದಲ್ಲಿ ಶತ್ರುವಿಮಾನಗಳನ್ನು ಹೊಡೆದುರುಳಿಸುವ ಫಿರಂಗಿಗಳಿಗಾಗಿ ಅದನ್ನು ರೂಪಿಸಿದವರು ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್.

ವೀನರ್ ಜನಿಸಿದ್ದು 1894ರ ನವೆಂಬರ್ 26ರಂದು, ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ. ತಂದೆ ಲಿಯೋ ವೀನರ್ ಮುಂದೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಲಾವ್ ಭಾಷೆಗಳ ಪ್ರಾಧ್ಯಾಪಕರಾದವರು. ಮನೆಯಲ್ಲಿ ಮಗನಿಗೆ ಅವರೇ ಗುರುಗಳು. 11ನೇ ವಯಸ್ಸಿನಲ್ಲಿ ಕಾಲೇಜು ಸೇರಿದ ಬಾಲಕ 14ಕ್ಕೆ ಪದವೀಧರನಾಗಿ, 18ಕ್ಕೆ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದ. ಬಳಿಕ ಕೇಂಬ್ರಿಜ್‌ನಲ್ಲಿ ಬರ್ಟ್ರಂಡ್ ರಸೆಲ್, ಗಟಿಂಗೆನ್‌ನಲ್ಲಿ ಡೇವಿಡ್ ಹಿಲ್ಬರ್ಟ್ ಅವರ ಬಳಿ ವ್ಯಾಸಂಗ. 1919ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯನ್ನು (ಎಂಐಟಿ) ಸೇರಿದ ಅವರು ಅಲ್ಲಿಯೇ ನೆಲೆನಿಂತರು.

ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳು ಎತ್ತೆತ್ತಲೋ ಅಲೆದಾಡುತ್ತವೆ. ಬ್ರೌನಿಯನ್ ಚಲನೆ ಎನ್ನಲಾಗುವ ಈ ಅಲೆದಾಟಕ್ಕೆ 1920ರ ದಶಕದಲ್ಲಿ ವೀನರ್ ಕಟ್ಟುನಿಟ್ಟಾದ ಗಣಿತದ ರೂಪ ಕೊಟ್ಟರು. ಗೊತ್ತುಗುರಿಯಿಲ್ಲದಂತೆ ತೋರುವುದನ್ನೂ ಸರಾಸರಿಗಳ ಮೂಲಕ ಅರಿಯಬಹುದೆಂಬ ಈ ದೃಷ್ಟಿಯೇ ಮುಂದೆ ಗದ್ದಲವನ್ನು ಪಳಗಿಸುವ ದಾರಿಯಾಯಿತು.

ಯುದ್ಧಕಾಲದಲ್ಲಿ ಎಂಜಿನಿಯರ್ ಜೂಲಿಯನ್ ಬಿಗೆಲೋ ಅವರೊಡನೆ ವೀನರ್ ಎದುರಿಸಿದ ಪ್ರಶ್ನೆ ಇದು: ಗುಂಡು ತಲಪುವಷ್ಟರಲ್ಲಿ ವಿಮಾನ ಎಲ್ಲಿರುತ್ತದೆ? ದೊರೆಯುವ ಮಾಹಿತಿಯಲ್ಲಿ ದೋಷಗಳೂ ಬೆರೆತಿರುತ್ತಿದ್ದವು. ಅವುಗಳಿಂದ ನಿಜವಾದ ಸಂಕೇತವನ್ನು ಬೇರ್ಪಡಿಸುವ ಸೂತ್ರವನ್ನು ಅವರು 1942ರ ರಹಸ್ಯ ವರದಿಯಲ್ಲಿ ನಿರೂಪಿಸಿದರು. ಹೊದಿಕೆಯ ಬಣ್ಣಕ್ಕೂ ಒಳಗಿನ ಕ್ಲಿಷ್ಟತೆಗೂ ಬೆದರಿದ ಎಂಜಿನಿಯರುಗಳು ಅದನ್ನು ಹಳದಿ ಗಂಡಾಂತರವೆಂದು ಕರೆದರು. ಸೋವಿಯತ್ ಗಣಿತಜ್ಞ ಕೊಲ್ಮೊಗೊರೊವ್ ಕೂಡ 1941ರಲ್ಲಿ ಸ್ವತಂತ್ರವಾಗಿ ಇಂತಹುದೇ ಫಲಿತಾಂಶ ಪಡೆದಿದ್ದರು.

ವೀನರ್ ಫಿಲ್ಟರ್‌ನ ತತ್ತ್ವ ಸರಳ. ಧ್ವನಿಯನ್ನು ಕಂಪನಾಂಕಗಳಿಗನುಗುಣವಾಗಿ ವಿಂಗಡಿಸಿ, ಪ್ರತಿಯೊಂದರಲ್ಲೂ ಮಾತಿನ ಶಕ್ತಿ ಎಷ್ಟು, ಗದ್ದಲದ್ದು ಎಷ್ಟು ಎಂದು ಅಂದಾಜಿಸಬೇಕು. ಮಾತು ಒಂಬತ್ತು ಪಾಲು, ಗದ್ದಲ ಒಂದು ಪಾಲು ಇದ್ದರೆ ಅಲ್ಲಿನ ತರಂಗವನ್ನು ಹತ್ತರಲ್ಲಿ ಒಂಬತ್ತರಷ್ಟಕ್ಕೆ ಉಳಿಸಿಕೊಳ್ಳುವುದು; ಎರಡೂ ಸಮವಾಗಿದ್ದರೆ ಅರ್ಧಕ್ಕೆ ಇಳಿಸುವುದು. ಗದ್ದಲದ ಅಂದಾಜು ದೊರೆಯುವುದು ಮಾತುಗಾರ ಮೌನವಾಗಿರುವ ಕ್ಷಣಗಳಲ್ಲಿ. ಮಾತಿನ ಶುದ್ಧೀಕರಣಕ್ಕೆ ಈ ತತ್ತ್ವವನ್ನು ಅನ್ವಯಿಸುವ ವಿಧಾನಗಳನ್ನು 1979ರಲ್ಲಿ ಎಂಐಟಿಯವರೇ ಆದ ಜೇ ಲಿಮ್ ಮತ್ತು ಅಲನ್ ಓಪನ್‌ಹೈಮ್ ವಿಶದಪಡಿಸಿದರು.

ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಒಂದೇ ಸಮನಾದ ಫ್ಯಾನಿನ ಸದ್ದು ಸುಲಭವಾಗಿ ಅಡಗುತ್ತದೆ. ಥಟ್ಟನೆ ಮೊಳಗುವ ಹಾರ್ನು ಅಡಗದು. ಸ, ಶ ಮುಂತಾದ ವ್ಯಂಜನಗಳು ಸ್ವತಃ ಗದ್ದಲವನ್ನೇ ಹೋಲುವುದರಿಂದ, ಅತಿಯಾಗಿ ಸೋಸಿದರೆ ಮಾತೇ ಸವೆಯುತ್ತದೆ. ಹೀಗಾಗಿ ಗದ್ದಲವನ್ನು ಪೂರ್ತಿ ಅಳಿಸುವ ಭರವಸೆಯನ್ನು ವೀನರ್ ಸೂತ್ರ ಕೊಡುವುದಿಲ್ಲ. ಒಟ್ಟು ತಪ್ಪನ್ನು ಕನಿಷ್ಠಗೊಳಿಸುತ್ತದೆ, ಅಷ್ಟೆ.

ತಮ್ಮ ವಿದ್ಯೆ ಯಾರ ಕೈ ಸೇರುತ್ತದೆಂಬ ಚಿಂತೆ ವೀನರ್ ಅವರನ್ನು ಕಾಡಿತು. ಹಿರೋಷಿಮಾದ ಬಳಿಕ, ಕ್ಷಿಪಣಿ ಕಾರ್ಯದಲ್ಲಿ ತೊಡಗಿದ್ದ ಸಂಸ್ಥೆಯ ವಿಜ್ಞಾನಿಯೊಬ್ಬರು ಯುದ್ಧಕಾಲದ ಬರಹದ ಪ್ರತಿ ಕೇಳಿದಾಗ ಕೊಡಲೊಪ್ಪಲಿಲ್ಲ. ಆ ನಿರಾಕರಣೆಯ ಪತ್ರ 1947ರ ಜನವರಿಯಲ್ಲಿ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೇನು, 1949ರಲ್ಲಿ ಅದೇ ವರದಿ ಗ್ರಂಥರೂಪದಲ್ಲಿ ಹೊರಬಂದು ಎಲ್ಲರ ಸೊತ್ತಾಯಿತು. ಅದೇ ಸುಮಾರಿಗೆ ವೀನರ್, ಕಿವಿ ಕೇಳದವರು ಬೆರಳುಗಳ ಸ್ಪರ್ಶದಿಂದ ಮಾತನ್ನು ಗ್ರಹಿಸುವಂತಹ ಸಾಧನದ ಪ್ರಯೋಗದಲ್ಲಿ ನಿರತರಾಗಿದ್ದರು.

ಭಾರತದೊಡನೆಯೂ ಅವರಿಗೆ ನಂಟಿತ್ತು. 1955-56ರಲ್ಲಿ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಕೆಲ ತಿಂಗಳು ಕಳೆದರು. ಭಾರತೀಯ ಗಣಿತಜ್ಞ ಪೆಸಿ ಮಸಾನಿ ಅವರೊಡಗೂಡಿ ಇದೇ ಸಿದ್ಧಾಂತವನ್ನು ವಿಸ್ತರಿಸಿದರು.

1964ರ ಮಾರ್ಚ್ 18ರಂದು ಸ್ಟಾಕ್‌ಹೋಮ್‌ನಲ್ಲಿ ವೀನರ್ ನಿಧನರಾದರು. ಫಿರಂಗಿಗೆಂದು ಹೊರಟ ಅವರ ಸಾಧನ ಯುದ್ಧದಲ್ಲಿ ಬಳಕೆಗೆ ಬರಲೇ ಇಲ್ಲ. ಅದರ ಗಣಿತ ಮಾತ್ರ ಇಂದಿಗೂ ಸದ್ದಿನ ನಡುವಿನಿಂದ ಮನುಷ್ಯರ ದನಿಯನ್ನು ಹೆಕ್ಕಿಕೊಡುತ್ತಿದೆ.